ನಾಯಿಗೊಂದು ಬಾಡಿಗೆಯ ಬಯಲು

‘ನಾಯಿಗೆ ಕೆಲಸವಿಲ್ಲ, ನಿಲ್ಲಲು ಹೊತ್ತಿಲ್ಲ’ ಎಂಬ ಗಾದೆಯನ್ನು ಕಟ್ಟಿದವರು ಹಳ್ಳಿಯ ನಾಯಿಯನ್ನು ಕಣ್ಣಾರೆ ಕಂಡವರೆಂಬುದರಲ್ಲಿ ಸಂದೇಹವಿಲ್ಲ. ಕಣದಿಂದ ಕೆರೆಗೆ, ಕೆರೆಯಿಂದ ಹೊಲಕ್ಕೆ, ಹೊಲದಿಂದ ಮತ್ತೆ ಹಿತ್ತಿಲಿಗೆ ದಿನವಿಡೀ ಸುತ್ತುವ ಆ ಪ್ರಾಣಿಗೆ ನಿಜಕ್ಕೂ ನಿಲ್ಲಲು ಹೊತ್ತಿರಲಿಲ್ಲ. ಮುಂಬಯಿಯಂತಹ ಮಹಾನಗರದಲ್ಲಿ ಆ ಗಾದೆ ತಲೆಕೆಳಗಾಗಿದೆ. ಇಲ್ಲಿಯ ಸಾಕುನಾಯಿಗೆ ನಿಲ್ಲುವುದೊಂದೇ ಕೆಲಸ. ಅದಕ್ಕೆ ಓಡಲು ಹೊತ್ತೂ ಇಲ್ಲ, ಜಾಗವೂ ಇಲ್ಲ. ಬೆಳಿಗ್ಗೆ ಹತ್ತು ನಿಮಿಷ, ರಾತ್ರಿ ಹತ್ತು ನಿಮಿಷ, ಅದೂ ಸರಪಳಿಯ ತುದಿಯಲ್ಲಿ, ನಿಂತ ವಾಹನಗಳ ಸಂದಿಯಲ್ಲಿ ನಡೆದು ಬಂದರೆ ಅದರ ದಿನಚರಿ ಮುಗಿಯಿತು. ಉಳಿದ ಇಪ್ಪತ್ತಮೂರು ಗಂಟೆಗಳನ್ನು ಅದು ಬಾಗಿಲ ಬಳಿಯೋ ಬಾಲ್ಕನಿಯ ಸರಳುಗಳ ಹಿಂದೆಯೋ ಕಳೆಯಬೇಕು.

ನಮ್ಮ ಸಂಘದ ಸದಸ್ಯರ ಮನೆಗಳಲ್ಲಿಯೂ ನಾಯಿಗಳ ಸಂಖ್ಯೆ ಹೆಚ್ಚುತ್ತಿರುವುದು ಕಂಡುಬರುತ್ತದೆ. ಮಕ್ಕಳು ವಿದೇಶಕ್ಕೆ ತೆರಳಿದ ಬಳಿಕ ಒಂಟಿಯಾದ ದಂಪತಿಗಳು, ಒಂದೇ ಮಗುವಿರುವ ಸಂಸಾರಗಳು, ಊರಿನ ಮನೆಯ ನೆನಪನ್ನು ಬಿಡಲಾರದ ಹಿರಿಯರು, ಹೀಗೆ ಪ್ರತಿಯೊಬ್ಬರಿಗೂ ತಮ್ಮದೇ ಆದ ಕಾರಣವಿದೆ. ಆದರೆ ನಾಯಿಯೊಂದಿಗೆ ಮನೆಗೆ ಬರುವ ತೊಡಕುಗಳೂ ಅಲ್ಪವಲ್ಲ. ನೆರೆಯವರ ದೂರು, ಸೊಸೈಟಿಯ ನೋಟೀಸು, ಲಿಫ್ಟಿನಲ್ಲಿ ಅಳುವ ಮಗು, ಕಚ್ಚಿದರೆ ಆಸ್ಪತ್ರೆ ಮತ್ತು ಪೊಲೀಸ್ ಠಾಣೆ. ಇವುಗಳಲ್ಲಿ ಎಷ್ಟೋ ತೊಡಕುಗಳ ಮೂಲ ನಾಯಿಗೆ ದೊರೆಯದ ವ್ಯಾಯಾಮದಲ್ಲಿದೆ. ಈ ಲೇಖಕನು ಪಶುವೈದ್ಯನಲ್ಲ. ವಾಣಿಜ್ಯಶಾಸ್ತ್ರವನ್ನೋದಿ ಬ್ಯಾಂಕಿನಲ್ಲಿ ದುಡಿಯುವವನು. ಆದ್ದರಿಂದ ಆರೋಗ್ಯದ ಮಾತಿನೊಡನೆ ಒಂದಿಷ್ಟು ಲೆಕ್ಕಾಚಾರವೂ ಈ ಬರಹದಲ್ಲಿ ಬಂದರೆ ವಾಚಕರು ಮನ್ನಿಸಬೇಕು. ಬ್ರಿಟನ್ನಿನಲ್ಲಿ ಈಗ ರೂಢಿಯಾಗಿರುವ ಒಂದು ಏರ್ಪಾಡನ್ನು, ಅಂದರೆ ಭದ್ರವಾದ ಬೇಲಿಯುಳ್ಳ ಖಾಸಗಿ ಬಯಲನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆದು ಅಲ್ಲಿ ನಾಯಿಯ ಸರಪಳಿ ಬಿಚ್ಚಿ ಓಡಿಸುವ ಪದ್ಧತಿಯನ್ನು ಪರಿಚಯಿಸಿ, ಅದು ನಮ್ಮಂತಹವರಿಗೆ ಎಷ್ಟರಮಟ್ಟಿಗೆ ಒದಗಬಹುದೆಂದು ವಿಚಾರ ಮಾಡುವುದೇ ಇದರ ಉದ್ದೇಶ.

ಶಿಲೆಯಲ್ಲಿ ಉಳಿದ ನಾಯಿ

ನಾಯಿಯನ್ನು ಗೌರವಿಸುವುದು ಕನ್ನಡಿಗರಿಗೆ ಹೊಸತಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949ರ ಸುಮಾರಿನ ಕಲ್ಲೊಂದು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗರ ಬೂತುಗ, ತಕ್ಕೋಲದ ಯುದ್ಧ ಮುಂತಾದ ದೊಡ್ಡ ಸಂಗತಿಗಳನ್ನು ಹೇಳುವ ಆ ಶಾಸನವು, ಮಣಲೇರನೆಂಬ ವೀರನ ‘ಕಾಳಿ’ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತ ಸಂಗತಿಯನ್ನೂ ಅಷ್ಟೇ ಆದರದಿಂದ ದಾಖಲಿಸಿದೆ. ಹಂದಿಯೂ ನಾಯಿಯೂ ಕಾದಾಡುವ ದೃಶ್ಯ ಕಲ್ಲಿನ ಮೇಲೆಯೇ ಕೆತ್ತಲ್ಪಟ್ಟಿದೆ. ಸಾವಿರ ವರ್ಷಗಳ ಹಿಂದೆ ನಮ್ಮವರು ನಾಯಿಯ ಯಾವ ಗುಣವನ್ನು ಸ್ಮರಣಾರ್ಹವೆಂದು ಬಗೆದರೆಂಬುದು ಗಮನಾರ್ಹ: ಅದರ ಓಟ, ಅದರ ಎದೆಗಾರಿಕೆ, ಒಡೆಯನಿಗಾಗಿ ಅದು ಮಾಡಿದ ದುಡಿಮೆ. ಸೋಫಾದ ಮೇಲೆ ಮಲಗಿದ ನಾಯಿಗೆ ಯಾರೂ ವೀರಗಲ್ಲು ನಿಲ್ಲಿಸಲಿಲ್ಲ.

ಇಂದಿಗೂ ನಮ್ಮ ನಾಡಿನ ಹೆಮ್ಮೆಯ ತಳಿಯೆಂದರೆ ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿ. ಮಹಾರಾಷ್ಟ್ರದಲ್ಲಿ ಇದನ್ನೇ ‘ಕಾರವಾನಿ’ ಎಂದು ಕರೆಯುವ ವಾಡಿಕೆಯಿದೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯ ಪೋಷಣೆಗೆ ಶ್ರಮಿಸಿದರು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಹೊರತಂದ ಶ್ವಾನತಳಿಗಳ ಅಂಚೆಚೀಟಿಗಳಲ್ಲಿ ಮುಧೋಳಕ್ಕೂ ಸ್ಥಾನ ದೊರೆಯಿತು. ಆಳವಾದ ಎದೆ, ಸಣ್ಣ ನಡು, ಉದ್ದನೆಯ ಕಾಲು. ಇವೆಲ್ಲ ದಖ್ಖಣದ ಬಯಲಿನಲ್ಲಿ ಮೊಲವನ್ನು ಬೆನ್ನಟ್ಟಲು ರೂಪುಗೊಂಡ ಅಂಗಗಳು. ಈ ಬಗೆಯ ನಾಯಿಗಳು ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುತ್ತವೆ. ದೂರದಲ್ಲಿ ಬೆಕ್ಕೋ ಅಳಿಲೋ ಚಲಿಸಿದರೆ ಸಾಕು, ಒಡೆಯನ ಕೂಗು ಅವುಗಳ ಕಿವಿಗೆ ಬೀಳದು. ಹೀಗಾಗಿ ಬೇಲಿಯಿಲ್ಲದ ಜಾಗದಲ್ಲಿ ಇಂತಹ ನಾಯಿಯನ್ನು ಬಿಡುವುದೆಂದರೆ ಅದನ್ನು ರಸ್ತೆಯ ವಾಹನಗಳಿಗೆ ಒಪ್ಪಿಸಿದಂತೆಯೇ ಸರಿ. ಬಿಟ್ಟರೆ ಅಪಾಯ, ಬಿಡದಿದ್ದರೆ ಅನ್ಯಾಯ ಎಂಬ ಈ ಇಕ್ಕಟ್ಟಿಗೆ ಬೇಲಿ ಕಟ್ಟಿದ ಬಯಲೇ ಪರಿಹಾರ.

ಓಡದ ದೇಹದ ಪಾಡು

ವ್ಯಾಯಾಮವಿಲ್ಲದ ನಾಯಿಗೆ ಮೊದಲು ಬರುವುದು ಬೊಜ್ಜು. ಸಂತಾನಹರಣ ಶಸ್ತ್ರಕ್ರಿಯೆಯಾದ ನಾಯಿಗಳಲ್ಲಿ ಆಹಾರವನ್ನು ಕಡಿಮೆ ಮಾಡದಿದ್ದರೆ ಇದು ಬೇಗನೆ ಕಾಣಿಸಿಕೊಳ್ಳುತ್ತದೆ. ಬೊಜ್ಜಿನ ಹಿಂದೆಯೇ ಕೀಲುನೋವು, ಏದುಸಿರು, ಹೃದಯದ ಮೇಲಿನ ಹೊರೆ, ಕೆಲವೊಮ್ಮೆ ಸಿಹಿಮೂತ್ರ ರೋಗ ಹಿಂಬಾಲಿಸುತ್ತವೆ. ಪಕ್ಕೆಲುಬುಗಳ ಮೇಲೆ ಮೃದುವಾಗಿ ಕೈಯಾಡಿಸಿದಾಗ ಎಲುಬುಗಳು ಬೆರಳಿಗೆ ತಾಗಬೇಕು. ಮೇಲಿನಿಂದ ನೋಡಿದಾಗ ನಡು ಕಾಣಬೇಕು. ಇವೆರಡೂ ಇಲ್ಲದಿದ್ದರೆ ನಾಯಿ ಪ್ರೀತಿಯಿಂದ ಬೆಳೆದಿದೆಯೆಂದಲ್ಲ, ಅಳತೆ ಮೀರಿ ಬೆಳೆದಿದೆಯೆಂದೇ ತಿಳಿಯಬೇಕು.

ದೇಹಕ್ಕಿಂತ ಮನಸ್ಸಿನ ಪಾಡು ಇನ್ನೂ ಕಠಿನ. ಗಂಟೆಗಟ್ಟಲೆ ಬೊಗಳುವುದು, ಬಾಗಿಲ ಚೌಕಟ್ಟನ್ನು ಕಡಿಯುವುದು, ಒಂದೇ ಜಾಗದಲ್ಲಿ ಸುತ್ತುವುದು, ಪಾದಗಳನ್ನು ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಳ್ಳುವುದು, ಮನೆಗೆ ಬಂದವರ ಮೇಲೆ ಎರಗುವುದು, ಇವನ್ನೆಲ್ಲ ನಾವು ದುರ್ಗುಣಗಳೆನ್ನುತ್ತೇವೆ. ವಾಸ್ತವವಾಗಿ ಇವುಗಳಲ್ಲಿ ಹಲವು ಖರ್ಚಾಗದ ಶಕ್ತಿಯ ಮತ್ತು ಕಳೆಯದ ಬೇಸರದ ಚಿಹ್ನೆಗಳು. ನಾಯಿಗೆ ಬೇಕಾದದ್ದು ಕೇವಲ ಓಟವಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಅದರ ಲೋಕವು ವಾಸನೆಯ ಲೋಕ. ಸರಪಳಿಯನ್ನು ಎಳೆಯುತ್ತ ‘ನಡೆ, ನಡೆ’ ಎಂದು ಅವಸರಪಡಿಸುವ ಒಡೆಯನೊಡನೆ ಅದು ಮೈಲಿ ನಡೆದರೂ ತೃಪ್ತವಾಗದು. ಇಷ್ಟ ಬಂದ ಪೊದೆಯ ಬಳಿ ನಿಂತು, ಮೂಸಿ, ಮತ್ತೆ ಹೊರಡುವ ಸ್ವಾತಂತ್ರ್ಯ ಅರ್ಧ ಗಂಟೆ ದೊರೆತರೂ ಅದು ಶಾಂತವಾಗಿ ಮಲಗುತ್ತದೆ.

ಇದರಲ್ಲಿ ಒಡೆಯನ ಲಾಭವೂ ಇಲ್ಲದಿಲ್ಲ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟಾದರೂ ಮಧ್ಯಮ ಪ್ರಮಾಣದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲೋಕಲ್ ಗಾಡಿಯಲ್ಲಿ ಮೂರು ಗಂಟೆ ನಿಂತು ಬರುವ ನಮ್ಮ ಸದಸ್ಯರಿಗೆ ವ್ಯಾಯಾಮಶಾಲೆಗೆ ಹೋಗುವ ಉತ್ಸಾಹ ಉಳಿಯದಿರುವುದು ಸಹಜ. ಆದರೆ ನಾಯಿ ರಜೆಯನ್ನು ಒಪ್ಪುವುದಿಲ್ಲ. ದಿನಕ್ಕೆರಡು ಬಾರಿ ಇಪ್ಪತ್ತು ನಿಮಿಷ ಅದರೊಡನೆ ಚುರುಕಾಗಿ ನಡೆದರೆ ವಾರಕ್ಕೆ 280 ನಿಮಿಷಗಳಾಗುತ್ತವೆ.

ಬ್ರಿಟನ್ನಿನ ಏರ್ಪಾಡು

ಬ್ರಿಟನ್ ಶ್ವಾನಪ್ರಿಯರ ದೇಶವೆಂದು ಪ್ರಸಿದ್ಧ. ಅಲ್ಲಿ ಹಸಿರು ಬಯಲಿಗೆ ಕೊರತೆಯಿಲ್ಲದಿರುವಾಗ ಹಣ ತೆತ್ತು ಹೊಲವನ್ನು ಬಾಡಿಗೆಗೆ ಪಡೆಯುವುದೇಕೆ ಎಂಬ ಪ್ರಶ್ನೆ ಏಳುತ್ತದೆ. ಕಾರಣಗಳು ಹಲವು. ಮೊದಲನೆಯದು ಕುರಿ. 1953ರ ಕಾಯಿದೆಯ ಪ್ರಕಾರ ನಾಯಿ ಕೃಷಿಭೂಮಿಯಲ್ಲಿ ಜಾನುವಾರುಗಳನ್ನು ಕಾಡಿದರೆ ಒಡೆಯನು ಅಪರಾಧಿ. 2000ದ ಇನ್ನೊಂದು ಕಾಯಿದೆಯಂತೆ, ಸಾರ್ವಜನಿಕರಿಗೆ ತೆರೆದ ಬೆಟ್ಟಬಯಲುಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ರಕ್ಷಣೆಗಾಗಿ, ಎರಡು ಮೀಟರಿಗಿಂತ ಉದ್ದವಲ್ಲದ ಹಗ್ಗದಲ್ಲಿ ನಾಯಿಯನ್ನು ಹಿಡಿದಿರಬೇಕು. ಊರಿನೊಳಗಿನ ಉದ್ಯಾನಗಳಲ್ಲಿ ಸ್ಥಳೀಯ ಆಡಳಿತಗಳು 2014ರ ಕಾಯಿದೆಯ ಬಲದಿಂದ ಹಗ್ಗ ಕಡ್ಡಾಯವೆಂದು ಆಜ್ಞೆ ಹೊರಡಿಸಬಲ್ಲವು. ಎರಡನೆಯ ಕಾರಣ ನಾಯಿಗಳ ಸ್ವಭಾವ. ಬೇರೆ ನಾಯಿಯನ್ನು ಕಂಡರೆ ಹೆದರಿ ಮೇಲೆರಗುವ ನಾಯಿಗಳು, ಪಂದ್ಯದಿಂದ ನಿವೃತ್ತವಾದ ಗ್ರೇಹೌಂಡುಗಳು, ಅನಾಥಾಲಯಗಳಿಂದ ತಂದ ನಾಯಿಗಳು, ಕುರುಡು ಅಥವಾ ಕಿವುಡು ನಾಯಿಗಳು, ಇವು ಸಾರ್ವಜನಿಕ ಉದ್ಯಾನದಲ್ಲಿ ನಿಶ್ಚಿಂತೆಯಿಂದ ಓಡಲಾರವು. ಮೂರನೆಯದು ರೈತರ ಅಗತ್ಯ. ಬೇಸಾಯದ ಆದಾಯ ಸಾಲದಾದಾಗ ಒಂದೆರಡು ಎಕರೆಗೆ ಬೇಲಿ ಹಾಕಿ ಗಂಟೆಯ ಲೆಕ್ಕದಲ್ಲಿ ಕೊಡುವುದು ಅವರಿಗೊಂದು ಉಪವೃತ್ತಿಯಾಯಿತು. 2020ರ ಮಹಾಮಾರಿಯ ಕಾಲದಲ್ಲಿ ನಾಯಿ ಸಾಕಿದವರ ಸಂಖ್ಯೆ ಏರಿದ ಬಳಿಕ ಇಂತಹ ಬಯಲುಗಳು ಇನ್ನೂ ವ್ಯಾಪಕವಾದವು.

ವ್ಯವಸ್ಥೆ ಸರಳವಾದುದು. ಸುಮಾರು ಆರು ಅಡಿ ಎತ್ತರದ ತಂತಿಬೇಲಿ; ನಾಯಿ ತೋಡಿ ನುಸುಳದಂತೆ ಬೇಲಿಯ ಬುಡದಲ್ಲಿ ನೆಲಕ್ಕೆ ಸೇರಿಸಿದ ಬಲೆ; ಒಂದರ ಹಿಂದೊಂದು ಎರಡು ಬಾಗಿಲು. ಹೊರಬಾಗಿಲನ್ನು ಮುಚ್ಚಿದ ನಂತರವೇ ಒಳಬಾಗಿಲನ್ನು ತೆರೆಯಬೇಕೆಂಬುದು ನಿಯಮ. ನಮ್ಮ ಬ್ಯಾಂಕುಗಳ ತಿಜೋರಿಯ ಕೋಣೆಗಿರುವ ಎರಡು ಕೀಲಿಗಳಂತೆಯೇ ಇದೂ ಒಂದು ಮುನ್ನೆಚ್ಚರಿಕೆ. ಮೊದಲೇ ಸಮಯ ಕಾಯ್ದಿರಿಸಿ ಹಣ ಪಾವತಿ ಮಾಡಿದರೆ ಬೀಗದ ಅಂಕಿ ತಿಳಿಸುತ್ತಾರೆ. ಅರ್ಧ ಗಂಟೆಯೋ ಒಂದು ಗಂಟೆಯೋ ಆ ಬಯಲು ಒಂದೇ ಕುಟುಂಬದ್ದು. ಒಬ್ಬರು ಹೊರಡುವುದಕ್ಕೂ ಮತ್ತೊಬ್ಬರು ಬರುವುದಕ್ಕೂ ನಡುವೆ ಕೆಲವು ನಿಮಿಷಗಳ ಅಂತರವಿರಿಸಿ, ನಾಯಿಗಳು ಮುಖಾಮುಖಿಯಾಗದಂತೆ ನೋಡಿಕೊಳ್ಳುತ್ತಾರೆ. ಬಾಡಿಗೆ ಸಾಮಾನ್ಯವಾಗಿ 5ರಿಂದ 15 ಪೌಂಡು. ಕೃಷಿಭೂಮಿಯನ್ನು ಹೀಗೆ ಬಳಸಲು ಸ್ಥಳೀಯ ಆಡಳಿತದ ಯೋಜನಾ ಅನುಮತಿಯನ್ನು ಸಾಮಾನ್ಯವಾಗಿ ಪಡೆಯಬೇಕಾಗುತ್ತದೆ; ವಾಹನ ನಿಲುಗಡೆ, ಬೊಗಳುವ ಸದ್ದು, ನೆರೆಹೊರೆಯವರ ನೆಮ್ಮದಿ ಇವನ್ನು ಆಗ ಪರಿಶೀಲಿಸುತ್ತಾರೆ.

ಅಲ್ಲಿಗೂ ನಮಗೂ ಒಂದು ದೊಡ್ಡ ಭೇದವಿದೆ. ಬ್ರಿಟನ್ ತನ್ನ ನಾಯಿಗಳಲ್ಲಿ ಹುಚ್ಚುರೋಗವನ್ನು 1902ರಲ್ಲಿಯೇ ನಿರ್ಮೂಲ ಮಾಡಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಮರುಕಳಿಸಿದ ರೋಗವನ್ನು 1922ರ ಹೊತ್ತಿಗೆ ಮತ್ತೆ ತೊಲಗಿಸಿತು. ನಮ್ಮಲ್ಲಿ ರೇಬೀಸಿನ ಭಯ ಇನ್ನೂ ಜೀವಂತವಾಗಿದೆ. ಬೀದಿಯಲ್ಲಿ ತಮ್ಮ ತಮ್ಮ ಸೀಮೆಯನ್ನು ಕಾಯುವ ನಾಯಿಗಳೂ ಇವೆ. ಸರಪಳಿ ಬಿಚ್ಚಿದ ಸಾಕುನಾಯಿ ಆ ಸೀಮೆಯೊಳಗೆ ಕಾಲಿಟ್ಟರೆ ಕಾದಾಟ ತಪ್ಪಿದ್ದಲ್ಲ. ಆದ್ದರಿಂದ ಬೇಲಿಯ ಅಗತ್ಯ ಅವರಿಗಿಂತ ನಮಗೇ ಹೆಚ್ಚೆಂದರೆ ಅತಿಶಯೋಕ್ತಿಯಾಗದು.

ಕಾನೂನಿನ ಎರಡು ಮುಖಗಳು

ನಾಯಿಗೆ ವ್ಯಾಯಾಮ ಕೊಡಿಸುವುದು ನಮ್ಮ ದೇಶದಲ್ಲಿ ಕಾನೂನಿನ ಕರ್ತವ್ಯವೂ ಹೌದೆಂಬುದನ್ನು ಬಲ್ಲವರು ವಿರಳ. 1960ರ ಪ್ರಾಣಿಹಿಂಸೆ ತಡೆ ಅಧಿನಿಯಮದ 11ನೆಯ ಕಲಮು, ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ತಕ್ಕಮಟ್ಟಿನ ವ್ಯಾಯಾಮ ಕೊಡಿಸದ ಒಡೆಯನನ್ನು ಕ್ರೌರ್ಯದ ಅಪರಾಧಿಯೆಂದು ಸ್ಪಷ್ಟವಾಗಿ ಹೇಳುತ್ತದೆ. ಮೂಲ ಅಧಿನಿಯಮದಲ್ಲಿ ಮೊದಲ ಅಪರಾಧಕ್ಕೆ ನಿಗದಿಯಾದ ದಂಡ 10ರಿಂದ 50 ರೂಪಾಯಿ. ಮೊತ್ತವನ್ನು ಕಂಡು ನಗುವವರು ನಗಲಿ. ತತ್ತ್ವ ಮಾತ್ರ ದೊಡ್ಡದು.

ಇನ್ನೊಂದು ಮುಖವೂ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನ ಪ್ರಕಾರ, ತನ್ನ ಪ್ರಾಣಿಯಿಂದ ಪರರಿಗೆ ಅಪಾಯವಾಗದಂತೆ ನೋಡಿಕೊಳ್ಳದವನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ 5,000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಹೌಸಿಂಗ್ ಸೊಸೈಟಿಗಳು ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದೇ ಮಾರ್ಗಸೂಚಿ ಸಾರ್ವಜನಿಕ ಸ್ಥಳದಲ್ಲಿ ನಾಯಿಯನ್ನು ಹಗ್ಗದಲ್ಲಿ ಹಿಡಿದಿರಬೇಕೆಂದೂ ಒಡೆಯರಿಗೆ ಹೇಳಿದೆ. 2024ರ ಮಾರ್ಚಿನಲ್ಲಿ ಕೇಂದ್ರ ಸರಕಾರವು 23 ತಳಿಗಳನ್ನು ಉಗ್ರವೆಂದು ಹೆಸರಿಸಿ ನಿರ್ಬಂಧಿಸುವ ಸುತ್ತೋಲೆ ಕಳಿಸಿದಾಗ, ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಹೊರಡಿಸಿದ್ದೆಂಬ ಕಾರಣದಿಂದ ಕರ್ನಾಟಕದ ಉಚ್ಚ ನ್ಯಾಯಾಲಯ ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಿತು. ಹೀಗೆ ಒಂದು ಕಾನೂನು ‘ಓಡಿಸು’ ಎನ್ನುತ್ತದೆ, ಇನ್ನೊಂದು ‘ಹಿಡಿದಿರು’ ಎನ್ನುತ್ತದೆ. ಎರಡನ್ನೂ ಏಕಕಾಲಕ್ಕೆ ಪಾಲಿಸಬಲ್ಲ ಸ್ಥಳವೆಂದರೆ ಭದ್ರವಾದ ಆವರಣ.

ನಮ್ಮ ದೇಶದಲ್ಲಿಯೂ ಪ್ರಯತ್ನಗಳು ಆರಂಭವಾಗಿವೆ. ಹೈದರಾಬಾದಿನ ಕೊಂಡಾಪುರದಲ್ಲಿ ಅಲ್ಲಿಯ ಮಹಾನಗರಪಾಲಿಕೆ 2018ರಲ್ಲಿ ನಾಯಿಗಳಿಗಾಗಿಯೇ ಉದ್ಯಾನವೊಂದನ್ನು ತೆರೆಯಿತು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿಯೂ ನಾಯಿಗಳಿಗೆಂದು ಬೇರ್ಪಡಿಸಿದ ಭಾಗವಿದೆ. ಇವು ಸ್ವಾಗತಾರ್ಹ. ಆದರೆ ಅಪರಿಚಿತ ನಾಯಿಗಳು ಒಟ್ಟಾಗಿ ಸೇರುವ ಉದ್ಯಾನವೂ, ಒಂದೇ ಮನೆಯವರಿಗೆ ಮೀಸಲಾದ ಬಾಡಿಗೆಯ ಬಯಲೂ ಒಂದೇ ಅಲ್ಲ. ಅಂಜುಬುರುಕ ಅಥವಾ ಜಗಳಗಂಟ ನಾಯಿಗೆ ಎರಡನೆಯದೇ ಹಿತ.

ಬೇಲಿಯ ಲೆಕ್ಕ

ಒಂದು ಎಕರೆಯೆಂದರೆ 43,560 ಚದರ ಅಡಿ. 500 ಚದರ ಅಡಿಯ ಫ್ಲ್ಯಾಟಿನಲ್ಲಿ ಬಾಳುವ ಸಂಸಾರಕ್ಕೆ ಇದು 87 ಮನೆಗಳಷ್ಟು ಜಾಗ. ಆದರೆ ಓಟದ ನಾಯಿಗೆ ಇದು ದೊಡ್ಡದೇನಲ್ಲ. ಚೌಕಾಕಾರದ ಒಂದು ಎಕರೆಯ ಒಂದು ಬದಿ ಸುಮಾರು 209 ಅಡಿ. ಗಂಟೆಗೆ 70 ಕಿಲೋಮೀಟರ್ ವೇಗದ ಗ್ರೇಹೌಂಡ್ ಇದನ್ನು ಮೂರು ನಾಲ್ಕು ಸೆಕೆಂಡುಗಳಲ್ಲಿ ದಾಟುತ್ತದೆ. ಆದ್ದರಿಂದ ಒಂದು ಎಕರೆಗಿಂತ ಕಡಿಮೆಯಾದರೆ ಅದು ಓಟಕ್ಕಲ್ಲ, ಕೇವಲ ಆಟಕ್ಕೆ. ಚೌಕಾಕಾರದ ಒಂದು ಎಕರೆಗೆ ಬೇಕಾದ ಬೇಲಿ ಸುಮಾರು 835 ಅಡಿ. ನಾಲ್ಕು ಎಕರೆಗೆ 1,670 ಅಡಿ ಮಾತ್ರ. ಜಾಗ ನಾಲ್ಕು ಪಟ್ಟಾದರೂ ಬೇಲಿ ಎರಡೇ ಪಟ್ಟು. ಜಮೀನು ಅಗ್ಗವಾಗಿರುವ ದೂರದ ಊರುಗಳಲ್ಲಿ ದೊಡ್ಡ ಬಯಲೇ ಮಿತವ್ಯಯಿಯೆಂಬುದು ಇದರಿಂದ ಸಿದ್ಧವಾಗುತ್ತದೆ.

ಇನ್ನು ಖರ್ಚು. ಇಲ್ಲಿಯ ಅಂಕಿಗಳು ಕೇವಲ ಉದಾಹರಣೆಗೆ. ಊರಿನಿಂದ ಊರಿಗೆ ದರ ಬೇರೆಯಾಗುತ್ತದೆ. ಬೇಲಿ, ಜೋಡಿಬಾಗಿಲು, ನೆರಳಿನ ಚಪ್ಪರ, ನೀರಿನ ತೊಟ್ಟಿ ಸೇರಿ 6 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಹತ್ತು ವರ್ಷಗಳ ಬಾಳಿಕೆಯಂತೆ ವರ್ಷದ ಸವಕಳಿ 60,000. ನೂರಕ್ಕೆ ಹತ್ತರಂತೆ ಮೊದಲ ವರ್ಷದ ಬಡ್ಡಿ 60,000. ಜಮೀನಿನ ಗೇಣಿ 1,20,000. ಕಾವಲುಗಾರ, ಹುಲ್ಲು ಕತ್ತರಿಸುವಿಕೆ, ಶುಚಿತ್ವ, ದುರಸ್ತಿ ಸೇರಿ 1,80,000. ಒಟ್ಟು 4,20,000. ಬೆಳಿಗ್ಗೆ ಮೂರು, ಸಂಜೆ ಮೂರು, ಹೀಗೆ ದಿನಕ್ಕೆ ಆರು ಪಾಳಿ. ಪ್ರತಿ ಪಾಳಿಯಲ್ಲಿ 50 ನಿಮಿಷ ಬಳಕೆ, 10 ನಿಮಿಷ ಬಿಡುವು. ವಿಪರೀತ ಮಳೆಯ ದಿನಗಳನ್ನು ಕಳೆದು ವರ್ಷಕ್ಕೆ 300 ದಿನವಾದರೆ 1,800 ಪಾಳಿಗಳು. ಎಲ್ಲವೂ ತುಂಬಿದರೆ ಪಾಳಿಗೆ ಬೀಳುವ ವೆಚ್ಚ ಸುಮಾರು 233 ರೂಪಾಯಿ. ಅರ್ಧವೇ ತುಂಬಿದರೆ 467. ವಾರದ ದಿನಗಳಲ್ಲಿ ಬಯಲು ಖಾಲಿ ಬಿದ್ದು ಭಾನುವಾರ ನೂಕುನುಗ್ಗಲಾಗುವುದೇ ಈ ವ್ಯವಹಾರದ ದೌರ್ಬಲ್ಯ. ಸಾಲದ ಅರ್ಜಿಯೊಡನೆ ಬರುವವರು ಭಾನುವಾರದ ಸಾಲನ್ನು ತೋರಿಸುತ್ತಾರೆ. ಮಂಗಳವಾರ ಮಧ್ಯಾಹ್ನ ಏನಾಗುತ್ತದೆಂದು ಕೇಳುವುದು ಬ್ಯಾಂಕಿನವರ ಕೆಲಸ.

ಪರಸ್ಪರ ಪರಿಚಯವಿರುವ ಎರಡು ನಾಯಿಗಳ ಮನೆಯವರು ಒಂದೇ ಪಾಳಿಯನ್ನು ಹಂಚಿಕೊಂಡರೆ ವೆಚ್ಚ ಅರ್ಧವಾಗುತ್ತದೆ. ತಿಂಗಳಿಗೆ ಎರಡು ಸಲವಾದರೂ ಇದು ಮಧ್ಯಮವರ್ಗದ ಕೈಗೆ ಎಟುಕದ ಮಾತಲ್ಲ. ಜಮೀನಿನ ಮಾಲಿಕರು ಕೃಷಿಯೇತರ ಬಳಕೆಗೆ ಸಂಬಂಧಿಸಿದ ನಿಯಮಗಳನ್ನು ತಾಲೂಕು ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು.

ಒಂದು ಸಂಸಾರದ ಅನುಭವ

ಡೊಂಬಿವಲಿಯಲ್ಲಿ ನೆಲೆಸಿದ, ಜಮಖಂಡಿ ಕಡೆಯ ಒಂದು ಸಂಸಾರ ನನಗೆ ಪರಿಚಿತ. ಮಗನ ಹಟಕ್ಕೆ ಊರಿನಿಂದ ಮುಧೋಳದ ಮರಿಯೊಂದನ್ನು ತಂದರು. ಒಂದೂವರೆ ವರ್ಷವಾಗುವಷ್ಟರಲ್ಲಿ ಅದು ಮೂರನೆಯ ಮಹಡಿಯ ಎರಡು ಕೋಣೆಗಳಿಗೆ ಮೀರಿ ಬೆಳೆಯಿತು. ಮನೆಯವರು ಕೆಲಸಕ್ಕೆ ಹೋದೊಡನೆ ಊಳಿಡತೊಡಗಿತು. ಮಲಗುವ ಕೋಣೆಯ ಬಾಗಿಲನ್ನು ಅಂಗೈಯಗಲ ಕಡಿದು ಹಾಕಿತು. ಕೆಳಮನೆಯಲ್ಲಿ ರಾತ್ರಿಪಾಳಿ ಮುಗಿಸಿ ಹಗಲು ಮಲಗುವ ಒಬ್ಬರಿದ್ದರು. ಅವರ ದೂರು ನ್ಯಾಯವಾದದ್ದೇ ಆಗಿತ್ತು. ಒಂದು ಬೆಳಿಗ್ಗೆ ಬೆಕ್ಕನ್ನು ಕಂಡು ನಾಯಿ ಕೊರಳಪಟ್ಟಿಯಿಂದ ಜಾರಿ ರಸ್ತೆಗೆ ನುಗ್ಗಿದಾಗ ಆಟೋರಿಕ್ಷಾ ತಾಗಿ ಅದರ ತೊಡೆ ಹರಿಯಿತು. ಅದನ್ನು ತಪ್ಪಿಸಹೋದ ಚಾಲಕನ ಮುಂಗೈಗೂ ಪೆಟ್ಟಾಯಿತು. ಸೊಸೈಟಿಯ ಸಭೆಯಲ್ಲಿ ‘ಒಂದು ತಿಂಗಳೊಳಗೆ ವ್ಯವಸ್ಥೆ ಮಾಡಿಕೊಳ್ಳಿ’ ಎಂಬ ಮಾತು ಬಂತು. ಊರಿಗೆ ಕಳಿಸೋಣವೆಂದರೆ ಅಲ್ಲಿ ವಯಸ್ಸಾದ ತಾಯಿ ಒಬ್ಬರೇ. ‘ರಾಯರೇ, ತಂದದ್ದು ನಾವು, ಬಿಡಬೇಕಾದದ್ದೂ ನಾವೇ ಅಂದರೆ ಹುಡುಗನಿಗೆ ಏನು ಕಲಿಸಿದಂತಾಯಿತು?’ ಎಂದು ಆ ತಂದೆ ನನ್ನನ್ನು ಕೇಳಿದರು.

ಪರಿಚಯದವರ ಮೂಲಕ ಬದಲಾಪುರದ ಆಚೆ, ಸುತ್ತ ಗೋಡೆಯಿರುವ ಸುಮಾರು ಒಂದು ಎಕರೆಯ ತೋಟವೊಂದು ದೊರೆಯಿತು. ಗಂಟೆಗೆ ನಾಲ್ಕು ನೂರು ರೂಪಾಯಿಯಂತೆ ಒಪ್ಪಂದವಾಯಿತು. ಗೋಡೆ ತಗ್ಗಾಗಿದ್ದ ಕಡೆ ಬಲೆ ಕಟ್ಟಿಸಿದ ಬಳಿಕವೇ ಸರಪಳಿ ಬಿಚ್ಚಿದರು. ಪ್ರತಿ ಭಾನುವಾರ ಒಂದು ಗಂಟೆ ಬಯಲು, ಉಳಿದ ದಿನ ಎರಡು ಹೊತ್ತು ನಲವತ್ತು ನಿಮಿಷಗಳ ನಡಿಗೆ, ಹಗಲಿನಲ್ಲಿ ಒಮ್ಮೆ ನಡೆಸಲು ನಿವೃತ್ತರೊಬ್ಬರ ನೆರವು. ಮೂರು ತಿಂಗಳಲ್ಲಿ ಊಳಿಡುವುದು ಬಹಳಷ್ಟು ತಗ್ಗಿತು, ಬಾಗಿಲು ಉಳಿಯಿತು. ಗಂಟೆ ಬಾರಿಸಿದವರನ್ನು ಕಂಡು ಬೊಗಳುವುದು ಮಾತ್ರ ನಿಲ್ಲಲಿಲ್ಲ. ಸೊಸೈಟಿಯೊಡನೆ ಲಿಫ್ಟಿನ ಸಮಯದ ಬಗ್ಗೆ ಒಂದು ಒಡಂಬಡಿಕೆಯಾಯಿತು. ಬಯಲೊಂದೇ ಎಲ್ಲವನ್ನೂ ಸರಿಪಡಿಸಿತೆಂದು ಹೇಳಲಾಗದು. ದಿನದ ನಡಿಗೆಯೂ ಕ್ರಮವೂ ಅದರೊಡನೆ ಸೇರಿದವು. ಆದರೆ ಬಯಲಿಲ್ಲದೆ ಉಳಿದವು ಸಾಕಾಗುತ್ತಿರಲಿಲ್ಲವೆಂದು ಮನೆಯವರ ಅಭಿಪ್ರಾಯ.

ಬಯಲಿಗೆ ಹೋಗುವ ಮುನ್ನ

ಬಾಡಿಗೆಯ ಬಯಲಿಗೆ ಹೋಗುವವರು ಈ ಕೆಳಗಿನ ಅಂಶಗಳನ್ನು ಲಕ್ಷ್ಯದಲ್ಲಿಡುವುದು ಒಳಿತು.

1. ಬೇಲಿಯ ಸುತ್ತ ಮೊದಲು ನೀವೇ ಒಂದು ಸುತ್ತು ನಡೆದು ನೋಡಿ. ಹರಿದ ತಂತಿ, ಗಾಜಿನ ಚೂರು, ತೆರೆದ ಬಾವಿ, ಇಲಿಪಾಷಾಣ, ಕೀಟನಾಶಕ ಸಿಂಪಡಿಸಿದ ಹುಲ್ಲು ಇವುಗಳ ಬಗ್ಗೆ ಮಾಲಿಕರನ್ನು ಕೇಳಿ. ಹತ್ತಿರದ ಪಶುವೈದ್ಯರ ವಿಳಾಸ ಬರೆದಿಟ್ಟುಕೊಳ್ಳಿ. ಹಾವಿನ ಭಯವಿರುವ ಕಡೆ ಇದು ಅತ್ಯಗತ್ಯ.

2. ಸಾಮಾನ್ಯ ಲಸಿಕೆಗಳೂ ರೇಬೀಸ್ ಲಸಿಕೆಯೂ ಪೂರ್ಣವಾಗದ ಮರಿಯನ್ನು ಒಯ್ಯಬೇಡಿ. ಹಲವು ನಾಯಿಗಳು ಬಂದುಹೋಗುವ ಮಣ್ಣಿನಲ್ಲಿ ಪಾರ್ವೋ ರೋಗದ ವಿಷಾಣು ಬಹುಕಾಲ ಉಳಿಯಬಲ್ಲದು. ಜಂತುಹುಳುವಿನ ಔಷಧವನ್ನು ಕ್ರಮವಾಗಿ ಕೊಡಿ. ಮಲವನ್ನು ಎತ್ತಿ ವಿಲೇವಾರಿ ಮಾಡಿ.

3. ಮಳೆಗಾಲದಲ್ಲಿ ನಿಂತ ನೀರಿಗೆ ನಾಯಿಯನ್ನು ಬಿಡಬೇಡಿ. ಇಲಿಯ ಮೂತ್ರದಿಂದ ಹರಡುವ ಇಲಿಜ್ವರ ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ. 2005ರ ಜುಲೈ 26ರ ಮಹಾಪೂರದ ನಂತರ ಮುಂಬಯಿ ಇದರ ಕಹಿಯನ್ನು ಉಂಡಿದೆ. ನಾಯಿಗೆ ಇದರ ಲಸಿಕೆ ಉಂಟು.

4. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ತೇಕುವುದೇ ಅದರ ತಂಪಿನ ಮುಖ್ಯ ದಾರಿ. ಅದರ ಸಹಜ ತಾಪಮಾನ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಬಿಸಿಲೇರುವ ಮುನ್ನ ಅಥವಾ ಇಳಿದ ಮೇಲೆ ಮಾತ್ರ ಓಡಿಸಿ. ಪಗ್, ಬುಲ್‌ಡಾಗ್ ಮುಂತಾದ ಚಪ್ಪಟೆ ಮೂಗಿನವುಗಳಿಗೆ ವಿಶೇಷ ಎಚ್ಚರ ಬೇಕು. ವಿಪರೀತ ತೇಕುವಿಕೆ, ಅಂಟಾದ ಜೊಲ್ಲು, ಕೆಂಪೇರಿದ ವಸಡು, ತೂರಾಡುವ ನಡಿಗೆ ಕಂಡರೆ ಕೂಡಲೇ ನೆರಳಿಗೆ ತಂದು, ಮೈಮೇಲೆ ತಂಪು ನೀರು ಸುರಿದು, ಗಾಳಿ ಬೀಸಿ, ಬಳಿಕ ವೈದ್ಯರಲ್ಲಿಗೆ ಒಯ್ಯಿರಿ. ತಂಪು ಮಾಡುವುದು ಮೊದಲು, ಸಾಗಿಸುವುದು ಆಮೇಲೆ.

5. ಹೊಟ್ಟೆ ತುಂಬ ಉಣಿಸಿ ಓಡಿಸಬಾರದು. ಎದೆ ಆಳವಾದ ದೊಡ್ಡ ನಾಯಿಗಳಲ್ಲಿ ಜಠರ ಉಬ್ಬಿ ತಿರುಚಿಕೊಳ್ಳುವ ಮಾರಕ ಸ್ಥಿತಿ ಉಂಟಾಗಬಹುದು. ವಾರವಿಡೀ ಮಲಗಿದ ನಾಯಿಯನ್ನು ಮೊದಲ ದಿನವೇ ಒಂದು ಗಂಟೆ ಓಡಿಸುವುದೂ ತಪ್ಪು. ಹದಿನೈದು ನಿಮಿಷಗಳಿಂದ ಆರಂಭಿಸಿ ಮೆಲ್ಲನೆ ಏರಿಸಿ.

6. ಮನೆಗೆ ಮರಳಿದ ಬಳಿಕ ಕಿವಿ, ಕಂಕುಳು, ಬೆರಳುಸಂದಿಗಳಲ್ಲಿ ಉಣ್ಣೆಗಳನ್ನು ಹುಡುಕಿ ತೆಗೆಯಿರಿ. ಉಣ್ಣೆಯಿಂದ ಬರುವ ಜ್ವರಗಳು ನಮ್ಮ ದೇಶದ ನಾಯಿಗಳಲ್ಲಿ ಸಾಮಾನ್ಯ.

7. ಯಾವುದೇ ನಾಯಿ ಕಚ್ಚಿದರೆ, ಪರಚಿದರೆ, ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಖಾರದಪುಡಿ ಏನನ್ನೂ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಚರ್ಮಕ್ಕೆ ಕೊಡುವ ಲಸಿಕೆ 0, 3, 7, 28ನೆಯ ದಿನಗಳಲ್ಲಿ. ರಕ್ತ ಬಂದ ಗಾಯಕ್ಕೆ ಅದರೊಡನೆ ಪ್ರತಿಕಾಯದ ಚುಚ್ಚುಮದ್ದೂ ಬೇಕು. ರೋಗದ ಲಕ್ಷಣಗಳು ಕಾಣಿಸಿಕೊಂಡ ಬಳಿಕ ರೇಬೀಸಿಗೆ ಬಹುಮಟ್ಟಿಗೆ ಚಿಕಿತ್ಸೆಯೇ ಇಲ್ಲವೆಂಬುದನ್ನು ಮರೆಯಬಾರದು.

ಒಂದು ಆಕ್ಷೇಪ, ಒಂದು ಸೂಚನೆ

ಮಕ್ಕಳಿಗೇ ಆಡಲು ಮೈದಾನವಿಲ್ಲದ ನಗರದಲ್ಲಿ ನಾಯಿಗೆ ಬಯಲೆಂಬುದು ಸಿರಿವಂತರ ಶೋಕಿಯಲ್ಲವೇ ಎಂದು ಕೆಲವರು ಕೇಳುತ್ತಾರೆ. ಆಕ್ಷೇಪ ಹಗುರವಾದುದಲ್ಲ. ಸಾರ್ವಜನಿಕ ಮೈದಾನದ ಒಂದಂಗುಲವನ್ನೂ ಮಕ್ಕಳಿಂದ ಕಸಿದು ನಾಯಿಗೆ ಕೊಡಬೇಕೆಂದು ಈ ಲೇಖಕನು ಹೇಳುವುದಿಲ್ಲ. ಬಾಡಿಗೆಯ ಬಯಲು ಊರ ಹೊರಗಿನದು, ಬಳಸುವವರೇ ಹಣ ತೆರುವಂತಹದು. ತಣಿದ ನಾಯಿ ಲಿಫ್ಟಿನಲ್ಲಿ ಮಗುವಿನ ಮೇಲೆರಗುವ ಸಂಭವ ಕಡಿಮೆಯಾದ್ದರಿಂದ ಅದರ ಲಾಭ ನಾಯಿಯಿಲ್ಲದ ನೆರೆಯವರಿಗೂ ಸಲ್ಲುತ್ತದೆ. ಇಷ್ಟಕ್ಕೂ ದಿನಕ್ಕೊಂದು ಗಂಟೆ ಕೊಡಲಾರದವರು, ಎಷ್ಟೇ ಆಸೆಯಿದ್ದರೂ ನಾಯಿಯನ್ನು ತರದಿರುವುದೇ ದಯೆ. ತರಲೇಬೇಕೆಂದರೆ ಮನೆಯ ಅಳತೆಗೂ ತಮ್ಮ ಬಿಡುವಿಗೂ ತಕ್ಕ ತಳಿಯನ್ನು, ಅಥವಾ ಆಸರೆಯಿಲ್ಲದ ದೇಶೀ ನಾಯಿಯನ್ನು ಆರಿಸಿಕೊಳ್ಳುವುದು ವಿವೇಕ.

ನಮ್ಮ ಸಂಘದ ಸದಸ್ಯರಲ್ಲಿ ಕರ್ಜತ್, ಬದಲಾಪುರ, ಪನ್ವೇಲ್ ಕಡೆಗಳಲ್ಲಿ ತುಂಡು ಜಮೀನು ಕೊಂಡಿಟ್ಟವರಿದ್ದಾರೆ. ಹುಲ್ಲು ಬೆಳೆದು ಬಿದ್ದಿರುವ ಆ ಜಮೀನುಗಳಿಗೆ ವರ್ಷಕ್ಕೊಮ್ಮೆ ಹೋಗಿ ನೋಡಿ ಬರುತ್ತಾರೆ. ಅವರಲ್ಲೊಬ್ಬರು ಬೇಲಿಗೆ ಮುಂದಾಗಿ, ನಾಯಿ ಸಾಕಿದ ಹತ್ತು ಮನೆಯವರು ವರ್ಷದ ಪಾಳಿಗಳನ್ನು ಮುಂಗಡವಾಗಿ ಕೊಂಡರೆ, ಭಾನುವಾರದ ಪಾಳಿಗಳಾದರೂ ಖಾತ್ರಿಯಾಗಿ ತುಂಬುತ್ತವೆ. ಮೇಲಿನ ಲೆಕ್ಕ ಕಾಗದದಿಂದ ನೆಲಕ್ಕೆ ಇಳಿಯುತ್ತದೆ. ಮುಂದಿನ ಸರ್ವಸಾಧಾರಣ ಸಭೆಯಲ್ಲಿ ‘ಇತರ ವಿಷಯಗಳು’ ಎಂಬ ಬಾಬಿನಡಿ ಈ ಸೂಚನೆಯನ್ನು ಯಾರಾದರೂ ಎತ್ತಿದರೆ, ಅನುಮೋದಿಸಲು ಈ ಲೇಖಕನು ಸಿದ್ಧನಿದ್ದಾನೆ.